ಅವಧಿ ಮುಗಿಯುವ ಮೊದಲು ಕರಾವಳಿಗೆ

ಈಗ ನಾನು ಹೊತ್ತಿರುವ ಹೆಸರು ಜನವರಿ ಕಳೆದರೆ ನನ್ನದಲ್ಲ. ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಬೆಂಗಳೂರಿನ ಬಾಡಿಗೆ ಕೋಣೆ, ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ, ಎಡ ಮೊಣಕೈ ಮೇಲಿನ ಮಚ್ಚೆ, ಎಲ್ಲವನ್ನೂ ಒಂದು ಅವಧಿಗೆಂದು ಕೊಟ್ಟಿದ್ದರು. ಫೆಬ್ರವರಿಯಿಂದ ಇದೇ ಹೆಸರು, ಇದೇ ಮೈ ನಮ್ಮವರಲ್ಲಿ ಇನ್ನೊಬ್ಬರಿಗೆ ಹೋಗುತ್ತದೆ. ನಾನು ಹುಟ್ಟಿದ್ದು ಸ್ವಾತಿ ನಕ್ಷತ್ರದ ದಿಕ್ಕಿನಲ್ಲಿ, ಅದಕ್ಕಿಂತ ಬಹಳ ಆಚೆ. ಆ ಜಾಗಕ್ಕೆ ಮನುಷ್ಯರ ಯಾವ ಭಾಷೆಯಲ್ಲೂ ಹೆಸರಿಲ್ಲ.

ನಮ್ಮ ಕಾಲಯಾನದ ಕಟ್ಟಳೆ ಸರಳ. ಹಿಂದಿನ ಯಾವ ಕಾಲಕ್ಕೆ ಬೇಕಾದರೂ ಹೋಗಬಹುದು, ಆದರೆ ಮೈಯಿಲ್ಲದೆ. ನೋಡಬಹುದು, ಕೇಳಬಹುದು, ಮುಟ್ಟುವಂತಿಲ್ಲ, ತಿನ್ನುವಂತಿಲ್ಲ, ಯಾರೊಂದಿಗೂ ಮಾತಾಡುವಂತಿಲ್ಲ. ಮೈ ಸಿಗುವುದು ಒಂದೇ ಒಂದು ಕಾಲದಲ್ಲಿ, ಅದೂ ಗಡುವಿಟ್ಟು. ಮಂಗಳೂರಿನಿಂದ ಉಡುಪಿಯವರೆಗಿನ ಈ ತುಂಡು ಕರಾವಳಿಯನ್ನು ನಾನು ಎಷ್ಟೋ ಕಾಲಗಳಲ್ಲಿ ಹಾಗೆ ಸುಮ್ಮನೆ ನೋಡಿದ್ದೆ. ಬೆವರಿರಲಿಲ್ಲ, ಹಸಿದಿರಲಿಲ್ಲ. ಗಡುವು ಮುಗಿಯುವ ಮುಂಚೆ ಅಲ್ಲಿಗೆ ಚರ್ಮ, ನಾಲಿಗೆ, ಕಾಲು ಸಮೇತ ಹೋಗಿಬರಬೇಕು ಎಂದು ಹೊರಟೆ. ಉಡುಪಿಯಲ್ಲಿ 2026ರ ಜನವರಿ 18ಕ್ಕೆ ಪರ್ಯಾಯ, ಎಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಉತ್ಸವ, ಇತ್ತು, ಅದನ್ನು ನೋಡಲೇಬೇಕಾಗಿತ್ತು. ಕಾರಣ ಬರೆಯುತ್ತಾ ಹೋದಂತೆ ತಿಳಿಯುತ್ತದೆ.

ಗುರುವಾರ

ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ದಾಟುವಾಗ ಎಚ್ಚರವಾಯಿತು. ಕಿಟಕಿಯ ಗಾಜು ಸರಿಸಿದರೆ ಗಾಳಿಯೇ ಬೇರೆ: ಒದ್ದೆ ಮಣ್ಣು, ಅಡಕೆ ಸಿಪ್ಪೆ, ಎಲ್ಲೋ ಸುಡುತ್ತಿರುವ ತರಗೆಲೆ. ಬಿ.ಸಿ. ರೋಡಿನಲ್ಲಿ ನೇತ್ರಾವತಿಯ ಮೇಲೆ ಮಂಜು ಕೂತಿತ್ತು. ಪಂಪ್‌ವೆಲ್‌ನಲ್ಲಿ ಇಳಿದು ಮೊದಲು ಮಾಡಿದ ಕೆಲಸ ಹೋಟೆಲಿಗೆ ಹೋಗಿ ಬನ್ಸ್ ತಿಂದದ್ದು. ಕಳಿತ ಬಾಳೆಹಣ್ಣನ್ನು ಮೈದಾಕ್ಕೆ ಕಲಸಿ ರಾತ್ರಿಯಿಡೀ ಹುದುಗಿಸಿ ಬೆಳಿಗ್ಗೆ ಎಣ್ಣೆಗೆ ಬಿಡುತ್ತಾರೆ. ಹೊರಗೆ ಗರಿ, ಒಳಗೆ ಜಾಲರಿಯಂಥ ಮೆತ್ತನೆ ಸಿಹಿ, ಜತೆಗೆ ಖಾರದ ಕಾಯಿಚಟ್ನಿ. ಬೆಂಗಳೂರಿನಲ್ಲೂ ಬನ್ಸ್ ಸಿಗುತ್ತದೆ, ಆದರೆ ಅಲ್ಲಿ ಜೀರಿಗೆಯ ಘಾಟು ಹೀಗೆ ಮೂಗಿಗೆ ಏರುವುದಿಲ್ಲ. ಎರಡು ತಿಂದು ಇನ್ನೊಂದು ಕಟ್ಟಿಸಿಕೊಂಡೆ.

ಉಳಿದುಕೊಂಡದ್ದು ಜೆಪ್ಪುವಿನ ಒಂದು ಹಳೇ ಹಂಚಿನ ಮನೆಯಲ್ಲಿ. ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವ ಅಜ್ಜಿ ಚಾವಡಿಯಲ್ಲೇ ಕೂತಿದ್ದರು.

"ನಿಮ್ಮದು ಯಾವ ಊರಾಯ್ತು?"

"ಬೆಂಗಳೂರು."

"ಅದು ಇರುದಲ್ವಾ. ಊರು ಯಾವುದು?"

ಈ ಕರಾವಳಿಯಲ್ಲಿ ಯಾರ ಪರಿಚಯವಾದರೂ ಮೊದಲು ಎದುರಾಗುವ ಪ್ರಶ್ನೆ ಇದು. ಊರು, ಆಮೇಲೆ ಯಾರ ಪೈಕಿ, ತಾಯಿಯ ಮನೆ ಎಲ್ಲಿ, ನಿಮ್ಮ ಬರಿ, ಎಂದರೆ ತಾಯಿಯ ಕಡೆಯ ಬಳಿ, ಯಾವುದು. ಅಳಿಯಸಂತಾನ ನಡೆದುಬಂದ ನೆಲ. ಮನುಷ್ಯನನ್ನು ತಾಯಿಯ ಕಡೆಯಿಂದ ಗುರುತು ಹಿಡಿಯುವ ನೆಲ. ಬೆಂಗಳೂರಿನಲ್ಲಿ ಯಾರೂ ಇಷ್ಟು ದೂರ ಕೇಳಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ತುಂಬಾ ದೂರ ಅಜ್ಜಿ. ಈಗ ಹೋದರೆ ಅಲ್ಲಿ ನನ್ನ ಗುರುತಿನವರು ಯಾರೂ ಉಳಿದಿರುವುದಿಲ್ಲ" ಎಂದೆ. ಅದು ಅಕ್ಷರಶಃ ನಿಜ. ಅಷ್ಟು ವೇಗದಲ್ಲಿ ಬಂದವನಿಗೂ ಮನೆಯಲ್ಲಿ ಉಳಿದವರಿಗೂ ಕಾಲ ಒಂದೇ ಸಮನೆ ಸರಿಯುವುದಿಲ್ಲ ಎಂಬುದನ್ನು ಮನುಷ್ಯರ ಭೌತಶಾಸ್ತ್ರವೂ 1905ರಲ್ಲೇ ಕಂಡುಕೊಂಡಿದೆ.

ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಇಲ್ಲೇ ಕೂತ್ಕೊಳ್ಳಿ, ಗಂಜಿ ಉಂಟು" ಎಂದರು. ಕುಚ್ಚಲಕ್ಕಿ ಗಂಜಿ, ಸುಟ್ಟ ಮೆಣಸಿನ ಚಟ್ನಿ, ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ. ಊಟ ಮುಗಿಯುವುದರೊಳಗೆ ಬೆಂಗಳೂರಿನಿಂದ ಬರುವವರು ಸೊಗಡಿನ ಅವರೆಕಾಯಿ ತರಬೇಕು ಎಂಬ ಮಾತೂ ಆಯಿತು.

ಮಧ್ಯಾಹ್ನ ಮಲಗಿ ಮಾಡು ನೋಡುತ್ತಿದ್ದೆ. ಒಂದು ಹಂಚಿನ ಒಳಮೈಯಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯ ಮುದ್ರೆ, 1865 ಎಂಬ ಇಸವಿ. ಅದು ಕಾರ್ಖಾನೆ ಶುರುವಾದ ವರ್ಷ. ಜಾರ್ಜ್ ಪ್ಲೆಬ್ಸ್ಟ್ ಇದೇ ಜೆಪ್ಪುವಿನಲ್ಲಿ ನದಿಯ ಜೇಡಿಯನ್ನು ಒತ್ತಿ ಸುಟ್ಟು ಹಂಚು ಮಾಡಿಸಿದ; ಅಲ್ಲಿಂದ ಮಂಗಳೂರು ಹಂಚು ಎಂಬ ಹೆಸರು ಸಮುದ್ರ ದಾಟಿತು. ಆ ಗೂಡುಗಳು ಉರಿಯುವುದನ್ನು ನಾನು ಕಂಡಿದ್ದೆ. ಹಂಚಿನಡಿಯ ತಂಪು ಹೇಗಿರುತ್ತದೆ ಎಂಬುದು ಮಾತ್ರ ಈ ಮಧ್ಯಾಹ್ನವೇ ಗೊತ್ತಾದದ್ದು.

ಸಂಜೆ ಬಲ್ಮಠದ ಕಡೆ ನಡೆದೆ. ಕರಡು ತಿದ್ದುವವನಿಗೆ ಇದಕ್ಕಿಂತ ದೊಡ್ಡ ಕ್ಷೇತ್ರವಿಲ್ಲ. ಜರ್ಮನಿಯ ಪಾದ್ರಿ ಮೋಗ್ಲಿಂಗ್ 1843ರ ಜುಲೈ 1ಕ್ಕೆ ಹೊರತಂದ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಇಲ್ಲಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ಮೊಳೆ ಜೋಡಿಸುವುದಲ್ಲ, ಕಲ್ಲಿನ ಮೇಲೆ ಕೈಬರಹವೇ ಮೂಡಿ ಅದೇ ಹಾಳೆಗೆ ಇಳಿಯುತ್ತಿತ್ತು. ಅರ್ಧ ಶತಮಾನದ ಮೇಲೆ, 1894ರಲ್ಲಿ, ಕಿಟ್ಟೆಲ್ ನಿಘಂಟು ಹೊರಬಂದದ್ದೂ ಇದೇ ಊರಿನಿಂದ. ನಾನು ಕನ್ನಡ ಕಲಿತದ್ದು ಈ ಇಬ್ಬರ ಬೆನ್ನ ಹಿಂದೆ ನಿಂತು. ಅವರೂ ಹೊರಗಿನವರು, ಗಂಟಲಿಗೆ ಬಾರದ ಳ, ಣಗಳನ್ನು ಪಟ್ಟುಹಿಡಿದು ಬಾಯಿಗೆ ತಂದುಕೊಂಡವರು. ನಿಘಂಟಿನ ಒಂದೊಂದು ಪದಕ್ಕೂ ಆ ಮನುಷ್ಯ ಎಷ್ಟು ಜನರ ಬಾಯಿ ನೋಡಿದ್ದಾನೆ ಎಂದು ಬಲ್ಲವನಾದ್ದರಿಂದ, ಅವನ ಹೆಸರು ತೆಗೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. ಬಲ್ಮಠದ ರಸ್ತೆ ಬದಿಯಲ್ಲಿ ನಿಂತು ಮುಗಿದೆ.

ಶುಕ್ರವಾರ

ಬೆಳಿಗ್ಗೆ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಅರ್ಧ ಗಂಟೆ. ಇಟಲಿಯ ಮೊಸ್ಕೇನಿ 1899ರಿಂದ ಎರಡು ವರ್ಷ ಗೋಡೆಗೂ ಮಾಡಿಗೂ ಅಂಗುಲ ಬಿಡದೆ ಬರೆದ ಚಿತ್ರಗಳು. ಕುತ್ತಿಗೆ ನೋಯುವಷ್ಟು ನೋಡಿ ಕದ್ರಿಗೆ ಹೊರಟೆ.

ಕದ್ರಿಯಲ್ಲಿ ಮಂಜುನಾಥನ ಗುಡಿಯ ಆವರಣದಲ್ಲೇ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮೂರು ಮುಖ, ಆರು ಕೈ, ಕೂತ ಭಂಗಿ. ಪೀಠದ ಶಾಸನದ ಪ್ರಕಾರ ಆಳುಪ ದೊರೆ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ್ದು ಕ್ರಿ.ಶ. 968ರಲ್ಲಿ. ವಿಹಾರವೆಂದರೆ ಬೌದ್ಧರದ್ದು, ಶಾಸನದ ಮಾತಿನಲ್ಲಿ ದೊರೆ ಶಿವಭಕ್ತ, ಆಮೇಲೆ ನಾಥಪಂಥದ ಜೋಗಿಗಳು ಬಂದರು, ಈಗ ಹಣ್ಣುಕಾಯಿ, ಕುಂಕುಮಾರ್ಚನೆ. ವಿಗ್ರಹ ಕದಲಿಲ್ಲ. ಎದುರು ಬಂದವರು ತಮಗೆ ಗೊತ್ತಿದ್ದ ಹೆಸರಿನಿಂದ ಕರೆದರು, ಅದು ಎಲ್ಲರಿಗೂ ಓಗೊಟ್ಟಿತು. ಇಂಥದ್ದನ್ನು ಕಂಡು ಇದು ನಿಜಕ್ಕೂ ಯಾರದ್ದು ಎಂದು ಜಗಳಕ್ಕೆ ನಿಲ್ಲುವವರಿದ್ದಾರೆ. ಅವರ ಪಕ್ಕದಲ್ಲಿ ನಿಲ್ಲಲು ನನಗಾಗುವುದಿಲ್ಲ. ಸಾವಿರ ವರ್ಷ ದೀಪ ಆರದಂತೆ ನೋಡಿಕೊಂಡವರೆಲ್ಲರದ್ದೂ ಹೌದು ಅದು.

ಮೇಲೆ ಗೋಮುಖದಿಂದ ಬೀಳುವ ನೀರಿಗೆ ಕೈಯೊಡ್ಡಿ, ಕೆರೆಗಳ ಪಕ್ಕ ಮೆಟ್ಟಿಲು ಹತ್ತಿ ಜೋಗಿ ಮಠಕ್ಕೆ ಹೋದೆ. ಇಲ್ಲಿ ಒಂದು ಪದ್ಧತಿ ಇದೆ. ಮಠದ ಅರಸರಾಗುವವರ ಅವಧಿ ಹನ್ನೆರಡು ವರ್ಷ. ನಾಸಿಕದ ಕುಂಭಮೇಳ ಮುಗಿದ ಮೇಲೆ ಹೊಸಬರು ತ್ರ್ಯಂಬಕೇಶ್ವರದಿಂದ ಜೋಗಿಗಳ ತಂಡದೊಂದಿಗೆ ಕಾಲ್ನಡಿಗೆಯಲ್ಲಿ ಇಲ್ಲಿಯವರೆಗೆ ಬರುತ್ತಾರೆ, ಪಟ್ಟಾಭಿಷೇಕವಾಗುತ್ತದೆ, ಹಳಬರು ಎದ್ದು ಹೊರಡುತ್ತಾರೆ. ಅರಸನೆಂದು ಕರೆಸಿಕೊಂಡವನು ಹನ್ನೆರಡು ವರ್ಷದ ಮೇಲೆ ಮತ್ತೆ ದಾರಿಯ ಜೋಗಿ. ಮಠದ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದೆ. ಅವಧಿ ಕಟ್ಟಿ ಕೊಟ್ಟ ಬದುಕು ಅರೆಬರೆ ಬದುಕು ಎಂಬ ಅಳುಕು ಬೆಂಗಳೂರಿನಲ್ಲಿ ನನ್ನನ್ನು ಕಾಡುತ್ತಿತ್ತು. ಇಲ್ಲಿ ಕೂತವರಾರಿಗೂ ಅದಿದ್ದಂತೆ ಕಾಣಲಿಲ್ಲ.

ಮಧ್ಯಾಹ್ನ ಬಂದರು ಪೇಟೆ. ಒಣಮೀನು, ಹಗ್ಗ, ಮೆಣಸಿನ ಗೋಣಿ, ಲಾರಿಗಳ ನಡುವೆ ನುಸುಳುವ ಕೂಲಿಗಳು. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಈ ಊರಿನಲ್ಲಿದ್ದ. ಇಂದಿನ ಟ್ಯುನೀಶಿಯಾದ ಮಹ್ದಿಯಾದವನು, ಏಡನ್ ದಾರಿಯಾಗಿ ಬಂದವನು. ಮೆಣಸು, ಶುಂಠಿ, ಅಡಕೆ ಸಾಗಿಸುತ್ತಿದ್ದ; ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ 1132ರದ್ದು, ಬರೆದ ಸ್ಥಳ ಮಂಗಳೂರು. ಬೊಮ್ಮ ಎಂಬ ಆಳು ಅವನ ಪರವಾಗಿ ಏಡನ್‌ವರೆಗೆ ಹೋಗಿಬರುತ್ತಿದ್ದ. 1149ರಲ್ಲಿ ಬೆನ್ ಯಿಜು ಮರಳಿ ಹೋದ. ಈ ಕಾಗದಗಳು ಕೈರೋದ ಒಂದು ಯಹೂದಿ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಎಂಟು ಶತಮಾನ ಬಿದ್ದಿದ್ದು ಬದುಕುಳಿದವು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದು ಎಂಬ ಅವರ ನಂಬಿಕೆಯ ಪುಣ್ಯ.

ಬೆನ್ ಯಿಜು ಅಂಗಡಿ ಲೆಕ್ಕವನ್ನು ಎಷ್ಟು ಚೊಕ್ಕವಾಗಿಡುತ್ತಿದ್ದ ಎಂದರೆ, ಏಡನ್ನಿನಿಂದ ಬಂದ ಚಾಪೆ, ಸಕ್ಕರೆ, ಕಾಗದ ಕೂಡ ಆ ಓಲೆಗಳಲ್ಲಿ ಬರುತ್ತವೆ. ಹೊರಗಿನಿಂದ ಬಂದು ಒಂದಷ್ಟು ಕಾಲ ಇದ್ದು ಹೋದವನು ಬಿಟ್ಟುಹೋಗಬೇಕಾದದ್ದು ಇದನ್ನೇ ಎಂದು ನನಗೆ ತೋರಿತು: ಯಾರಿಗೆ ಎಷ್ಟು ಕೊಡಬೇಕು, ಯಾರನ್ನು ಬಿಡುಗಡೆ ಮಾಡಿದೆ, ಯಾರ ಮೇಲೆ ನಂಬಿಕೆಯಿಟ್ಟೆ. ಈ ಪ್ರವಾಸದ ಟಿಪ್ಪಣಿಯನ್ನು ನಾನು ಅಲ್ಲೇ ಒಂದು ಗೂಡಂಗಡಿಯ ಬೆಂಚಿನ ಮೇಲೆ ಬರೆಯಲು ಶುರುಮಾಡಿದೆ.

ರಾತ್ರಿ ಮೂಲ್ಕಿಯ ಆಚೆ ಒಂದು ಯಕ್ಷಗಾನ ಬಯಲಾಟ. ಒಂದು ಮನೆಯವರ ಹರಕೆ ಸೇವೆ; ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ಬರುವ ದಾರಿಯಲ್ಲಿ ಇನ್ನೊಂದು ಮನೆಯ ಅಂಗಳದಿಂದ ತಾಸೆಯ ಸದ್ದು, ದೈವದ ಕತೆ ಹೇಳುವ ತುಳು ಹಾಡು ಪಾಡ್ದನದ ಎಳೆದ ದನಿ ಕೇಳಿತು. ಅಲ್ಲಿ ದೈವದ ಕೋಲ ನಡೆಯುತ್ತಿತ್ತು. ನಾನು ನಿಲ್ಲಲಿಲ್ಲ. ಅದು ಆ ಕುಟುಂಬಕ್ಕೂ ಅವರ ದೈವಕ್ಕೂ ನಡುವಿನ ಮಾತು. ಆಹ್ವಾನವಿಲ್ಲದವನು ಕ್ಯಾಮೆರಾ ಹಿಡಿದು ನುಗ್ಗುವ ಈಚಿನ ಚಾಳಿ ನನಗೆ ಒಪ್ಪಿಗೆಯಿಲ್ಲ.

ವೇಷ ಕಟ್ಟುವ ಜಾಗವಾದ ಚೌಕಿಗೆ ಹೋಗಲು ಮೇಳದವರು ಒಪ್ಪಿದರು. ಚಪ್ಪಲಿ ಹೊರಗೆ ಬಿಟ್ಟು ಒಳಹೊಕ್ಕರೆ ಮೊದಲು ಗಣಪತಿಯ ಪೆಟ್ಟಿಗೆ, ದೀಪ. ಎರಡೂ ಬದಿಗೆ ಸಾಲಾಗಿ ಕಲಾವಿದರು, ಎದುರಿಗೆ ಸಣ್ಣ ಕನ್ನಡಿ. ಇಲ್ಲಿ ಮುಖಕ್ಕೆ ಬಣ್ಣ ಹಚ್ಚಲು ಬೇರೆಯವರಿಲ್ಲ. ಅವರವರ ಮುಖ ಅವರವರ ಕೈಯಲ್ಲೇ ಬದಲಾಗಬೇಕು. ಮೂಲೆಯಲ್ಲಿ ಮಹಿಷಾಸುರನ ಬಣ್ಣದ ವೇಷ ತಯಾರಾಗುತ್ತಿತ್ತು. ಐವತ್ತು ದಾಟಿದ ಮನುಷ್ಯ, ನೆತ್ತಿಗೆ ಬಟ್ಟೆ ಬಿಗಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟೆಯನ್ನು ಕಡ್ಡಿಯಿಂದ ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಎಬ್ಬಿಸುತ್ತಿದ್ದರು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕೆಲಸ. ಕೆನ್ನೆ ಮರೆಯಾಯಿತು, ಹಣೆ ಮರೆಯಾಯಿತು, ಕಣ್ಣಿನ ಸುತ್ತ ಕಪ್ಪು, ಕೆಂಪು ಸುತ್ತಿತು. ನಡುವೆ ಯಾರೋ ಫೋನು ತಂದುಕೊಟ್ಟರು. ಮಗಳ ಕಾಲೇಜು ಫೀಸಿನ ಬಗ್ಗೆ ಮಾತಾಡಿದರು. ಮಾತು ಮುಗಿದ ಮೇಲೆ ಕೊಂಬಿನ ಕಿರೀಟವನ್ನು ಕಣ್ಣಿಗೊತ್ತಿಕೊಂಡು ಏರಿಸಿದರು. ಆಮೇಲೆ ಅವರನ್ನು ಮಾತಾಡಿಸಲು ನನಗೆ ಬಾಯಿ ಬರಲಿಲ್ಲ.

ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ದೂರದ ಕತ್ತಲಿನಿಂದ, ಜನರ ನಡುವಿನಿಂದ, ಎರಡೂ ಕಡೆ ದೊಂದಿ ಉರಿಯುತ್ತಾ ಬರುತ್ತಾನೆ. ರಾಳದ ಪುಡಿ ಎರಚಿದಾಗ ಬೆಂಕಿ ಎದ್ದು ಒಂದು ಕ್ಷಣ ಗದ್ದೆಯಿಡೀ ಹಗಲಾಯಿತು. ಚೆಂಡೆ ಎದೆಯೊಳಗೆ ಬಡಿಯುತ್ತಿತ್ತು. ಮೈಯಿಲ್ಲದೆ ಕೇಳಿದ್ದಾಗ ಚೆಂಡೆ ಬರೀ ಶಬ್ದವಾಗಿತ್ತು. ಪಕ್ಕದ ಮಗು ತಾಯಿಯ ಸೆರಗಿನೊಳಗೆ ನುಗ್ಗಿತು. ಅಜ್ಜಂದಿರು ಎದ್ದು ಪಂಚೆ ಬಿಗಿದು ದಾರಿ ಬಿಟ್ಟರು. ಆ ಮನುಷ್ಯನ ಹೆಸರು, ಊರು, ಮಗಳ ಫೀಸು ಎಲ್ಲ ಗೊತ್ತಿದ್ದವರೇ ಅವರಲ್ಲಿ ಹಲವರಿದ್ದರು. ಗೊತ್ತಿದ್ದೂ ಎದ್ದು ನಿಂತರು. ಬೆಳಗಿನವರೆಗೆ ಅರ್ಥಗಾರಿಕೆ, ಎಂದರೆ ವೇಷಧಾರಿಗಳು ಆಡುವ ಮಾತು, ಕೇಳಿದೆ. ಬರೆದಿಟ್ಟ ಮಾತಿಲ್ಲ, ಒಂದೂ ಇಂಗ್ಲಿಷ್ ಶಬ್ದ ನುಸುಳಲಿಲ್ಲ. ಕರಡು ತಿದ್ದಿ ತಿದ್ದಿ ಕಂಗೆಟ್ಟ ನನಗೆ, ತಿದ್ದಲು ಏನೂ ಇಲ್ಲದ ಕನ್ನಡ ಅಷ್ಟು ಹೊತ್ತು ಹರಿದದ್ದು ದೊಡ್ಡ ಸುಖ.

ಮಂಗಳ ಹಾಡಿದ ಮೇಲೆ ಮತ್ತೆ ಚೌಕಿಗೆ ಹೋದೆ. ಅವರು ಅಂಗೈಗೆ ತೆಂಗಿನೆಣ್ಣೆ ಸುರಿದು ಮುಖ ತಿಕ್ಕುತ್ತಿದ್ದರು. ಚಿಟ್ಟೆ ಸಿಬಿರು ಸಿಬಿರಾಗಿ ಉದುರುತ್ತಿತ್ತು.

"ಇಷ್ಟು ಹೊತ್ತು ಕೂತು ಹಾಕಿದ್ದನ್ನು ತೆಗೆಯುವಾಗ ಬೇಸರ ಆಗುವುದಿಲ್ಲವಾ?" ಎಂದು ಕೇಳಿದೆ.

"ಎಂತ ಬೇಸರ ಮಾರಾಯ್ರೆ! ಇವತ್ತಿನದ್ದು ಸಮ ತೆಗೀದಿದ್ರೆ ನಾಳೆಯದ್ದು ಮುಖದಲ್ಲಿ ನಿಲ್ಲುದಿಲ್ಲ."

ಕಿವಿಯ ಹಿಂದೆ, ಮೂಗಿನ ಮಗ್ಗುಲಲ್ಲಿ ಉಳಿದದ್ದನ್ನೂ ಹುಡುಕಿ ಹುಡುಕಿ ಒರೆಸಿಕೊಂಡು, ಅಂಗಿ ಹಾಕಿ, ಚಹಾ ಕುಡಿಯಲು ಹೋದರು.

ಶನಿವಾರ

ನಿದ್ದೆ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲೇ ಆಯಿತು. ಪಡುಬಿದ್ರಿ, ಕಾಪು ಯಾವುದೂ ಕಾಣಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಮಲ್ಪೆಗೆ ಹೋಗಿ ದೋಣಿ ಹಿಡಿದೆ.

ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಎಲ್ಲರೂ ಹೇಳುವುದು 1498ರಲ್ಲಿ ವಾಸ್ಕೋ ಡ ಗಾಮ ಇಳಿದು ಹೆಸರಿಟ್ಟ ಎಂಬ ಕತೆಯನ್ನು. ನನಗೆ ಆ ದ್ವೀಪ ಬೇಕಾದದ್ದು ಅದಕ್ಕಲ್ಲ. ಅಲ್ಲಿನ ಕಲ್ಲು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ಆಗ ಭಾರತದ ಈ ಅಂಚಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಎರಡೂ ಬಿರಿದು ದೂರವಾಗುವಾಗ ಭೂಮಿಯೊಳಗಿನ ಕುದಿ ಮೇಲೆ ಉಕ್ಕಿತು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಸಿಗುತ್ತದೆ. ಉಕ್ಕಿದ್ದು ಮೇಲಿನಿಂದ ಆರುತ್ತಾ ಬಂದಂತೆ ಕುಗ್ಗಿತು, ಕುಗ್ಗಿದಂತೆ ಬಿರುಕುಬಿಟ್ಟಿತು, ಬಿರುಕು ಒಳಕ್ಕಿಳಿದು ಕಲ್ಲೆಲ್ಲ ಐದು, ಆರು, ಏಳು ಮೂಲೆಗಳ ಕಂಬಗಳಾಗಿ ಸೀಳಿತು. ಯಾರೂ ಕಡೆದದ್ದಲ್ಲ.

ಆ ಬೆಂಕಿಯನ್ನು ನಾನು ನೋಡಿದ್ದೇನೆ. ತೆಂಗಿಲ್ಲ, ಕಾಗೆಯಿಲ್ಲ, ಪಡುವಣದಲ್ಲಿ ಈ ಅರಬ್ಬಿ ಸಮುದ್ರವೇ ಇಲ್ಲ. ಕೆಂಪು, ಕಪ್ಪು, ಹೊಗೆ. ಅದರ ಕಾವು ನನಗೆ ತಟ್ಟಿರಲಿಲ್ಲ, ತಟ್ಟುವ ಚರ್ಮ ಇರಲಿಲ್ಲ. ಈಗ ಮಧ್ಯಾಹ್ನದ ಬಿಸಿಲಿಗೆ ಕಾದ ಕಂಬದ ತಲೆಯ ಮೇಲೆ ಬರಿಗಾಲಿಟ್ಟೆ. ಸುಟ್ಟಿತು. ಕಾಲೆತ್ತಲಿಲ್ಲ. ಎಷ್ಟೋ ಕೋಟಿ ವರ್ಷದ ಬಾಕಿ ತೀರಿಸಿದಷ್ಟು ಸಂತೋಷವಾಯಿತು. ಕಂಬಗಳ ನಡುವೆ ಕಪ್ಪೆಚಿಪ್ಪು, ಶಂಖದ ಚೂರು ತುಂಬಿದ ಸಣ್ಣ ಸಣ್ಣ ದಂಡೆಗಳು; ಅಲೆ ಬಂದು ಹಿಂತಿರುಗುವಾಗ ಅವೆಲ್ಲ ಒಟ್ಟಿಗೆ ಗಲಗಲ ಎನ್ನುತ್ತವೆ.

ಕೆಲವು ಕಂಬಗಳ ಮೇಲೆ ಪ್ರೇಮಿಗಳ ಹೆಸರು ಗೀಚಿದ್ದರು. ಇದು ನನಗೆ ಸಹಿಸಲಾಗದ ಸಂಗತಿ. ಪಕ್ಕದಲ್ಲಿ ಕಲ್ಲಿನ ಚೂರು ಹಿಡಿದು ಗೀಚಲು ಹೊರಟಿದ್ದ ಹುಡುಗನಿಗೆ ಈ ಕಲ್ಲಿನ ವಯಸ್ಸು ಹೇಳಿದೆ, ಮಡಗಾಸ್ಕರ್ ಇದ್ದ ದಿಕ್ಕು ಕೈಮಾಡಿ ತೋರಿಸಿದೆ. ಅವನು ಚೂರನ್ನು ಕೆಳಗೆ ಹಾಕಿ "ಹೌದಾ?" ಎಂದು ಇನ್ನಷ್ಟು ಕೇಳಿದ. ದೋಣಿ ಬರುವವರೆಗೆ ಅವನೂ ಅವನ ಗೆಳತಿಯೂ ಕೇಳುತ್ತಲೇ ಇದ್ದರು. ಸಂಜೆಯೊಳಗೆ ಎಲ್ಲರೂ ದ್ವೀಪ ಬಿಡಬೇಕು. ಅಲ್ಲಿ ರಾತ್ರಿ ತಂಗುವಂತಿಲ್ಲ.

ಮಲ್ಪೆಯಲ್ಲಿ ಬೋಟುಗಳು ಬಂಗುಡೆ ಇಳಿಸುತ್ತಿದ್ದವು. ಇದೇ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದರು, ಹಡಗಿನವನು ಕೊಟ್ಟ ಗೋಪಿಚಂದನದ ಹೆಂಟೆಯೊಳಗೆ ಕೃಷ್ಣನ ಮೂರ್ತಿ ಸಿಕ್ಕಿತು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಐತಿಹ್ಯ. ದ್ವಾರಕೆಯಿಂದ ಮಣ್ಣಿನ ಮುದ್ದೆಯ ರೂಪದಲ್ಲಿ, ಹಡಗಿನ ಭಾರಕ್ಕೆಂದು ಹಾಕಿದ ಸರಕಾಗಿ ಪಯಣಿಸಿದ ದೇವರು. ಕೃಷ್ಣನೂ ಈ ಊರಿಗೆ ಬೇರೆ ಗುರುತಿನಲ್ಲಿ ಬಂದವನೇ ಎಂದು ನೆನೆದಾಗ ಮೈ ಜುಮ್ಮೆಂದಿತು.

ರಾತ್ರಿ ಉಡುಪಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೃಷ್ಣ ಮಠದ ಪೂಜೆ ಎಂಟು ಮಠಗಳ ನಡುವೆ ಸರದಿಯಲ್ಲಿ ನಡೆಯುತ್ತದೆ. ಮಧ್ವಾಚಾರ್ಯರ ಏರ್ಪಾಡಿನಲ್ಲಿ ಒಬ್ಬೊಬ್ಬರಿಗೆ ಎರಡು ತಿಂಗಳಿತ್ತು. ಹದಿನಾರನೇ ಶತಮಾನದಲ್ಲಿ ವಾದಿರಾಜರು ಅದನ್ನು ಎರಡು ವರ್ಷಕ್ಕೆ ಏರಿಸಿದರು. ಹೀಗೆ ಒಂದು ಸುತ್ತಿಗೆ ಹದಿನಾರು ವರ್ಷ. ಈ ಸಲ ಪುತ್ತಿಗೆ ಮಠದಿಂದ ಶಿರೂರು ಮಠಕ್ಕೆ. ಇದಕ್ಕೆ ತಯಾರಿ ಒಂದು ವರ್ಷಕ್ಕೂ ಮುಂಚೆ ಬಾಳೆ ಮುಹೂರ್ತದಿಂದ, ಎಂದರೆ ಬಾಳೆಗಿಡ ನೆಡುವುದರಿಂದ ಶುರು. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಬರುವವರ ಊಟಕ್ಕೆ ಎಲೆ, ಅನ್ನ, ಉರುವಲು ಮೊದಲು, ಪೀಠ ಆಮೇಲೆ. ಮಧ್ವ ಸರೋವರದ ಬಳಿ ಸೌದೆಯನ್ನು ತೇರಿನ ಆಕಾರದಲ್ಲಿ ಎತ್ತರಕ್ಕೆ ಒಟ್ಟಿದ್ದಾರೆ. ಒಂದು ಕೊರಡೂ ಜಾರದಂತೆ ಜೋಡಿಸಿದ ಆ ಕಟ್ಟಿಗೆ ರಥದ ಸುತ್ತ ಎರಡು ಸಲ ಬಂದೆ. ಅಧಿಕಾರ ಹಸ್ತಾಂತರಕ್ಕೆ ಇಷ್ಟು ಒಳ್ಳೆಯ ಸಿದ್ಧತೆಯನ್ನು ನಾನು ಬೇರೆ ಯಾವ ಕಾಲದಲ್ಲೂ, ಯಾವ ಅರಮನೆಯಲ್ಲೂ ಕಂಡಿಲ್ಲ.

ಭಾನುವಾರ

ಪೀಠವೇರುವ ಸ್ವಾಮಿಗಳು ರಾತ್ರಿಯೇ ಕಾಪು ಬಳಿಯ ದಂಡತೀರ್ಥದಲ್ಲಿ ಮಿಂದು ಜೋಡುಕಟ್ಟೆಗೆ ಬರುತ್ತಾರೆ, ಅಲ್ಲಿಂದ ಮೆರವಣಿಗೆ. ನಾನು ಬೆಳಗಿನ ಜಾವ ಒಂದು ಅಂಗಡಿಯ ಮೆಟ್ಟಿಲ ಮೇಲೆ ಜಾಗ ಹಿಡಿದಿದ್ದೆ. ಚೆಂಡೆ, ಕೊಂಬು, ಭಜನೆ ತಂಡಗಳು, ಸ್ತಬ್ಧಚಿತ್ರಗಳು, ಹುಲಿವೇಷದ ಕುಣಿತ. ಪಕ್ಕದಲ್ಲಿ ಕುಂದಾಪುರದ ಕಡೆಯ ಒಂದು ಕುಟುಂಬ. ಬುತ್ತಿಯಿಂದ ಚಕ್ಕುಲಿ ಕೊಟ್ಟರು.

ಮೂಡಣದಲ್ಲಿ, ದೀಪದ ಸಾಲಿನ ಮೇಲೆ, ಸ್ವಾತಿ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು. ಅದು ಇಲ್ಲಿಂದ ಸುಮಾರು 37 ಬೆಳಕಿನ ವರ್ಷ ದೂರ. ಈ ನಸುಕಿಗೆ ಕಣ್ಣಿಗೆ ಬಿದ್ದ ಬೆಳಕು 1989ರ ಹೊತ್ತಿಗೆ ಅಲ್ಲಿಂದ ಹೊರಟದ್ದು. ಚಕ್ಕುಲಿ ಕೊಟ್ಟ ಮನೆಯ ಹುಡುಗಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಾವು ಈಗ ನೋಡುದು ಅಮ್ಮ ಸಣ್ಣದಿರುವಾಗಿನದ್ದಾ?" ಎಂದಳು. ಹೌದು ಎಂದೆ. ತಲೆಯೆತ್ತಿ ನೋಡಿದವರೆಲ್ಲ ಹಿಂದಿನ ಕಾಲವನ್ನೇ ನೋಡುತ್ತಾರೆ. ಅದಕ್ಕೆ ನಮ್ಮಂಥವರೇ ಆಗಬೇಕಿಲ್ಲ. ಅವಳು ತಾಯಿಯ ಕೈಹಿಡಿದು ಆ ನಕ್ಷತ್ರ ತೋರಿಸಿದಳು. ತಾಯಿ ನಕ್ಕು ಮತ್ತೆ ಮತ್ತೆ ಅದರ ಕಡೆಗೇ ನೋಡುತ್ತಿದ್ದರು.

ರಥಬೀದಿಗೆ ಬಂದ ಮೇಲೆ ಮೊದಲು ಕನಕನ ಕಿಂಡಿಯಿಂದ ಕೃಷ್ಣನ ದರ್ಶನ, ಬಳಿಕ ಚಂದ್ರಮೌಳೀಶ್ವರ, ಅನಂತೇಶ್ವರ, ಆಮೇಲೆ ಮಠದ ಒಳಗೆ. ಪೀಠವೇರಲು ಹೊರಟವರು ಮೊದಲು ನಿಲ್ಲುವುದು, ಒಳಗೆ ಬರಲಾಗದವನು ಹೊರಗೆ ನಿಂತು ಕಂಡ ಕಿಂಡಿಯ ಎದುರಿಗೆ. ಈ ಕ್ರಮ ಇಟ್ಟವರ ಬಗ್ಗೆ ನನಗೆ ಅಪಾರ ಗೌರವ.

ಒಳಗಿನದ್ದನ್ನು ಬೀದಿಯ ಪರದೆಯಲ್ಲಿ ನೋಡಿದೆವು. ಇಳಿಯುವವರು ಏರುವವರಿಗೆ ಕೊಡುವುದು ಖಡ್ಗವನ್ನಲ್ಲ, ಮುದ್ರೆಯನ್ನಲ್ಲ. ಅಕ್ಷಯಪಾತ್ರೆ, ಬಡಿಸುವ ಸಟ್ಟುಗ, ಗರ್ಭಗುಡಿಯ ಕೀಲಿಕೈ. ಕೊಟ್ಟು, ಕೈಹಿಡಿದು ಸರ್ವಜ್ಞ ಪೀಠದಲ್ಲಿ ಕೂರಿಸುತ್ತಾರೆ. ಕೊಡುವವರು ಎರಡು ವರ್ಷ ಕೃಷ್ಣನನ್ನು ಮೀಯಿಸಿ, ಉಡಿಸಿ, ಉಣಿಸಿದವರು. ಇನ್ನು ಅದು ಇನ್ನೊಬ್ಬರ ಕೈಗೆ. ಜನ ಗೋವಿಂದಾ ಎಂದು ಕೂಗಿದರು. ನನಗೆ ಕಣ್ಣು ತುಂಬಿತು. ಕಣ್ಣೀರು ಉಪ್ಪಗಿರುತ್ತದೆ ಎಂದು ಓದಿದ್ದೆ, ಹೌದು.

ಮಧ್ಯಾಹ್ನ ಪಂಕ್ತಿಯಲ್ಲಿ ಕೂತು ಉಂಡೆ. ಬಾಳೆಲೆ, ಅನ್ನ, ಸಾರು, ಮಟ್ಟುಗುಳ್ಳ ಬದನೆಯ ಹುಳಿ, ಪಾಯಸ. ಅಲ್ಲೇ ಜಗಲಿಯಲ್ಲಿ ಕೂತು ಈ ಕೊನೆಯ ಭಾಗ ಬರೆಯುತ್ತಿದ್ದೇನೆ. ಓದುವವರು ಯಾರೇ ಆಗಲಿ ಓದಲಿ; ಇನ್ನು ಮುಂದಿನದ್ದು ಮಾತ್ರ ಈ ಹೆಸರು ಹೊರಲು ಬರುವ ನಿನಗೆ.

ಬೆಂಗಳೂರಿನ ಕೋಣೆಯ ಬಾಡಿಗೆ ಜನವರಿವರೆಗೆ ಕೊಟ್ಟಾಗಿದೆ. ಮುಂಗಡದ ಚೀಟಿ ಮೇಜಿನ ಎಡ ಡ್ರಾಯರಿನಲ್ಲಿದೆ. ಪ್ರೆಸ್ಸಿನಲ್ಲಿ ಅರ್ಧ ತಿದ್ದಿದ ಒಂದು ವ್ಯಾಕರಣ ಪುಸ್ತಕವಿದೆ, ಗುರುತು ಹಾಕಿದ ಪುಟದಿಂದ ಮುಂದುವರಿಸು. ಜೆಪ್ಪುವಿನ ಅಜ್ಜಿಗೆ ಅವರೆಕಾಯಿ ಮುಟ್ಟಿಸಬೇಕು, ಸೊಗಡಿನದ್ದೇ ಆಗಬೇಕು. ಊರು ಯಾವುದೆಂದು ನಾನು ಹೇಳಿದ್ದೇನೆ, ನೀನು ಬೇರೆ ಹೇಳಬೇಡ. ದ್ವೀಪದ ಹುಡುಗ ಫೋನ್ ನಂಬರ್ ತೆಗೆದುಕೊಂಡಿದ್ದಾನೆ. ಕಲ್ಲಿನ ಬಗ್ಗೆ ಕೇಳಿದರೆ ಬೇಸರಿಸದೆ ಉತ್ತರ ಕೊಡು. ಎಡ ಮೊಣಕಾಲು ಮೆಟ್ಟಿಲಿಳಿಯುವಾಗ ನೋಯುತ್ತದೆ, ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ. ಈ ಮೈಯಲ್ಲಿ ನನ್ನದೆಂದು ಉಳಿದದ್ದನ್ನೆಲ್ಲ ನಾನು ಹುಡುಕಿ ಒರೆಸಿಯೇ ಹೋಗುತ್ತೇನೆ.

2028ರ ಜನವರಿ 18ಕ್ಕೆ ಸೋದೆ ಮಠದ ಸರದಿ. ಆಗ ಈ ಹೆಸರು ನಿನ್ನದು. ಕೋಣೆಯನ್ನು ತಿಂಗಳ ಮುಂಚೆಯೇ ಹೇಳಿಡು, ಹಿಂದಿನ ದಿನ ಮಧ್ಯಾಹ್ನದೊಳಗೆ ಉಡುಪಿ ಸೇರು; ಕತ್ತಲಾದ ಮೇಲೆ ಬಂದರೆ ಬಸ್ಸನ್ನು ಊರ ಹೊರಗೇ ನಿಲ್ಲಿಸಿಬಿಡುತ್ತಾರೆ, ಅಲ್ಲಿಂದ ನಡೆಯಬೇಕಾಗುತ್ತದೆ.